ಹೊಟ್ಟೆ ಬಂದ ಕೌದಿ

ಮದುವೆಯಾಗಿ ಮೂರು ವರ್ಷದಲ್ಲಿ ನಾವು ಮೂರು ಬಾಡಿಗೆ ಮನೆ ಬದಲಾಯಿಸಿದ್ದೇವೆ. ಪ್ರತಿ ಸಲ ಸಾಮಾನು ಇಳಿಸುವಾಗಲೂ ಒಂದು ಗಂಟು ಕೈಗೆ ಬರುತ್ತದೆ. ಹಳೆ ಬೆಡ್‌ಶೀಟಿನಲ್ಲಿ ಬಿಗಿದು ಕಟ್ಟಿದ ಗಂಟು. ಒಳಗೇನಿದೆ ಅಂತ ಇಬ್ಬರಿಗೂ ಗೊತ್ತು, ಅದಕ್ಕೇ ಇಬ್ಬರೂ ಬಿಚ್ಚುವುದಿಲ್ಲ. ಲಾಫ್ಟಿಗೆ ಏರಿಸಿ ಮರೆತುಬಿಡುತ್ತೇವೆ.

ಅದರಲ್ಲಿ ಇರುವುದು ಹಳೆ ಬಟ್ಟೆ. ನನ್ನ ಅಜ್ಜಿಯ ಹತ್ತಿ ಸೀರೆಗಳು, ನನ್ನ ಗಂಡನ ಅಜ್ಜಿಯ ಎರಡು ಇಳಕಲ್ ಸೀರೆ, ಅಪ್ಪನ ಪಂಚೆ, ಇವನ ಕಾಲೇಜಿನ ಟೀ ಶರ್ಟುಗಳು, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಕುತ್ತಿದ್ದ ಕುರ್ತಾಗಳು. ಉಡುವ ಹಾಗಿಲ್ಲ, ಎಸೆಯುವ ಮನಸ್ಸಿಲ್ಲ.

ಕಳೆದ ಅಕ್ಟೋಬರಿನಲ್ಲಿ ಆನ್‌ಲೈನಿನಲ್ಲಿ ಒಂದು ರಜಾಯಿ ತರಿಸಿದ್ದೆವು. ಫೋಟೋದಲ್ಲಿ ಮೋಡದ ಹಾಗಿತ್ತು. ಒಂದೇ ಒಂದು ಸಲ ಒಗೆದದ್ದಕ್ಕೆ ಒಳಗಿನ ನಾರೆಲ್ಲ ಉಂಡೆ ಕಟ್ಟಿ ಒಂದು ಮೂಲೆಗೆ ಹೋಗಿ ಕೂತಿತು. ವಾಪಸ್ ತೆಗೆದುಕೊಳ್ಳಲಿಲ್ಲ. ಆ ಸಿಟ್ಟಿನಲ್ಲಿ ಇವನು ಲಾಫ್ಟಿನ ಕಡೆ ಕೈ ತೋರಿಸಿ, "ಕೌದಿ ಹೊಲಿಯೋಣ" ಅಂದ. ಕೌದಿ ಅಂದರೆ ಹಳೆ ಬಟ್ಟೆಗಳನ್ನು ಪದರ ಪದರ ಹಾಸಿ ಕೈಯಲ್ಲೇ ಹೊಲಿದ ಹೊದಿಕೆ. ಇವನ ಊರು ಧಾರವಾಡ. ಚಿಕ್ಕಂದಿನಲ್ಲಿ ಇವನ ಅಜ್ಜಿ ಕೌದಿ ಹೊಲಿಯುವಾಗ ಸೂಜಿಗೆ ದಾರ ಪೋಣಿಸಿಕೊಡುವುದು ಇವನ ಕೆಲಸವಾಗಿತ್ತಂತೆ. ಅಷ್ಟೇ ಅನುಭವ. ಆದರೂ ಅವತ್ತು ಇವನ ಮಾತಿನ ಧಾಟಿ ಕೇಳಿದರೆ ಹತ್ತು ಕೌದಿ ಹೊಲಿದವನ ಹಾಗಿತ್ತು.

ನನಗೆ ನಂಬಿಕೆ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ನಮ್ಮಿಬ್ಬರ ಕೈಕೆಲಸದ ಚರಿತ್ರೆ ಅಷ್ಟು ಚೆನ್ನಾಗಿಲ್ಲ. ಹಳೆ ಹಲಗೆಗಳಲ್ಲಿ ಮಾಡಿದ ಪುಸ್ತಕದ ಶೆಲ್ಫು ಈಗಲೂ ಬಲಕ್ಕೆ ವಾಲಿದೆ, ಕೆಳಗೆ ರಟ್ಟು ಮಡಚಿ ಇಟ್ಟಿದ್ದೇವೆ. ಬಾಲ್ಕನಿಯ ಟೊಮೆಟೊ ಗಿಡದಲ್ಲಿ ಒಟ್ಟು ಆರು ಹಣ್ಣು ಬಿಟ್ಟವು, ಎರಡು ಅಳಿಲಿಗೆ ಹೋದವು.

ಅಮ್ಮನಿಗೆ ಫೋನ್ ಮಾಡಿದೆ. ನಮ್ಮದು ಅರಸೀಕೆರೆ ಕಡೆ. ಅಲ್ಲಿ ನಮ್ಮ ಮನೆಯಲ್ಲಿ ಕಂಬಳಿ ಇತ್ತು, ಜಮಖಾನ ಇತ್ತು, ಕೌದಿ ಇರಲಿಲ್ಲ. "ಇಬ್ಬರೂ ದುಡೀತೀರ, ತೇಪೆ ಹಾಕಿದ್ದು ಹೊದ್ಕೊಳ್ಳೋ ಗತಿ ಏನು ಬಂದಿದೆ?" ಅಂದಳು. ಅತ್ತೆಗೆ ಫೋನ್ ಮಾಡಿದರೆ ಅವರು ಗತಿಯ ಮಾತೇ ಆಡಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ. "ಒಳಗ ಏನ್ ಹಾಕ್ತೀರಿ?"

ಆ ಪ್ರಶ್ನೆಯಲ್ಲೇ ಅರ್ಧ ಕೆಲಸ ಇದೆ ಅಂತ ಆಮೇಲೆ ಗೊತ್ತಾಯಿತು. ಗಂಟು ಬಿಚ್ಚಿ ಹಾಲಿನಲ್ಲಿ ಹರಡಿದೆವು. ನೋಡುವುದಕ್ಕೆ ಎಲ್ಲವೂ ಹತ್ತಿಯೇ. ಆದರೆ ಅತ್ತೆ ಒಂದು ಪರೀಕ್ಷೆ ಹೇಳಿಕೊಟ್ಟಿದ್ದರು. ಪ್ರತಿ ಬಟ್ಟೆಯ ಅಂಚಿನಿಂದ ಎರಡು ಎಳೆ ಎಳೆದು, ಇಕ್ಕಳದಲ್ಲಿ ಹಿಡಿದು, ಗ್ಯಾಸ್ ಒಲೆಯ ಉರಿಗೆ ಒಡ್ಡಬೇಕು. ಹತ್ತಿಯಾದರೆ ಕಾಗದದ ಹಾಗೆ ಭಗ್ಗೆಂದು ಉರಿದು, ಸುಟ್ಟ ಕಾಗದದ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಸ್ಟರ್ ಆದರೆ ಉರಿ ಕಂಡ ಕೂಡಲೇ ಮುದುಡಿ ಹಿಂದೆ ಸರಿಯುತ್ತದೆ, ಕರಗಿ ತುದಿಯಲ್ಲಿ ಕಪ್ಪನೆಯ ಗಟ್ಟಿ ಮಣಿ ಆಗುತ್ತದೆ. ಮಿಶ್ರ ಇದ್ದರೆ ಎರಡೂ ಸ್ವಲ್ಪ ಸ್ವಲ್ಪ. ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಇಪ್ಪತ್ತಾರು ಬಟ್ಟೆಯ ಎಳೆ ಸುಟ್ಟೆವು. ನಾನು "ಅಪ್ಪಟ ಹತ್ತಿ" ಅಂತ ನಂಬಿ ನಾಲ್ಕು ವರ್ಷ ಹಾಕಿದ್ದ ಕುರ್ತಾ ಮಣಿ ಕಟ್ಟಿತು. ಅಜ್ಜಿಯ ಸೀರೆಗಳಲ್ಲಿ ಒಂದು ಬಿಟ್ಟು ಎಲ್ಲವೂ ಬೂದಿ.

ಪಾಲಿಸ್ಟರ್ ಹಾಕಿದರೆ ಏನಾಗುತ್ತೆ ಅಂತ ಕೇಳಿದ್ದಕ್ಕೆ ಅತ್ತೆ ಅಂದದ್ದು: "ಅದು ಸೂಜಿ ಕಂಡ್ರ ಜಾರತೈತಿ. ಹಳೀ ಹತ್ತಿ ಅರಿವಿ ಹಂಗಲ್ಲ, ಮಾತು ಕೇಳತೈತಿ." ಹಳೆ ಬಟ್ಟೆಯಲ್ಲಿ ಕೌದಿ ಮಾಡುವುದು ಬರೀ ಉಳಿತಾಯಕ್ಕೆ ಅಂತ ನಾನು ಅಂದುಕೊಂಡಿದ್ದೆ. ನೂರಾರು ಸಲ ಒಗೆದ ಹತ್ತಿಯಲ್ಲಿ ಗಂಜಿ ಇರುವುದಿಲ್ಲ, ಕುಗ್ಗುವಷ್ಟು ಆಗಲೇ ಕುಗ್ಗಿರುತ್ತದೆ, ನೂಲು ಸವೆದು ಮೆತ್ತಗಾಗಿರುತ್ತದೆ. ನಾಲ್ಕು ಪದರ ಇದ್ದರೂ ಸೂಜಿ ಇಳಿಯುತ್ತದೆ. ಹೊಸ ಬಟ್ಟೆ ತಂದು ಮಾಡಿದರೆ ಮೊದಲನೇ ಒಗೆತಕ್ಕೆ ಒಂದೊಂದು ಪದರ ಒಂದೊಂದು ಥರ ಕುಗ್ಗಿ ಎಲ್ಲ ಸುಕ್ಕು. ಅಂದರೆ ಸವೆದಿರುವುದೇ ಆ ಬಟ್ಟೆಯ ಯೋಗ್ಯತೆ.

ಟೀ ಶರ್ಟಿನ ವಿಷಯಕ್ಕೆ ಜಗಳ ಆಯಿತು. ಅವು ಹತ್ತಿಯೇ, ಆದರೆ ನೇಯ್ದದ್ದಲ್ಲ, ಹೆಣೆದದ್ದು. ಎಳೆದರೆ ಹಿಗ್ಗುತ್ತವೆ. ಹಿಗ್ಗದ ಸೀರೆಯ ಪಕ್ಕ ಹಿಗ್ಗುವ ಚೂರು ಕೂರಿಸಿದರೆ ಅಲ್ಲಿ ಜೋಲುತ್ತದೆ. ಇವನು ಒಪ್ಪಲಿಲ್ಲ. "ಇದು ಫೈನಲ್ ಇಯರ್ ಟೀ ಶರ್ಟು" ಅಂತ ಮೂರು ಸಲ ಹೇಳಿದ. ಮುಂದಿನ ವಾರ ಅದು ನೆಲ ಒರೆಸುವ ಬಕೆಟ್ಟಿನಲ್ಲಿ ಕಾಣಿಸಿತು. ನೀನೇ ಹಾಕಿದ್ದು ಅಂತ ಅವನು, ನೀನೇ ಹಾಕಿದ್ದು ಅಂತ ನಾನು. ಆ ವಿಚಾರಣೆ ಇನ್ನೂ ಮುಗಿದಿಲ್ಲ.

ಎಲ್ಲವನ್ನೂ ಒಗೆದು ಒಣಗಿಸಿದೆವು. ಬಣ್ಣ ಬಿಡುವುದನ್ನು ಮೊದಲೇ ಹಿಡಿಯಬೇಕು. ಒದ್ದೆ ಮಾಡಿದ ಬಿಳಿ ಕರ್ಚೀಫು ತೆಗೆದುಕೊಂಡು ಬಟ್ಟೆಯ ಮೇಲೆ ಗಟ್ಟಿಯಾಗಿ ಉಜ್ಜಿದರೆ ಸಾಕು, ಗೊತ್ತಾಗುತ್ತದೆ. ಒಂದು ಕೆಂಪು ದುಪಟ್ಟಾ ಕರ್ಚೀಫಿಗೆ ಕುಂಕುಮ ಹಚ್ಚಿದ ಹಾಗೆ ಮಾಡಿತು. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತಾರೆ. ಒಂದು ರಾತ್ರಿ ನೆನೆಸಿದೆವು. ಬೆಳಿಗ್ಗೆ ಉಜ್ಜಿದಾಗ ಕರ್ಚೀಫಿಗೆ ಏನೂ ಅಂಟಲಿಲ್ಲ. ನಿಂತಿತು ಅಂತ ನಂಬಿದೆವು. ಅದರ ಕಥೆ ಆಮೇಲೆ ಹೇಳ್ತೀನಿ.

ಅಳತೆ ಲೆಕ್ಕ ಇವನದು. ಕೌದಿ ಏಳು ಅಡಿ ಉದ್ದ, ಐದು ಅಡಿ ಅಗಲ. ಐದೂವರೆ ಮೀಟರಿನ ಒಂದು ಸೀರೆಯನ್ನು ಏಳಡಿಗೆ ಎರಡು ತುಂಡು ಮಾಡಿದರೆ ಅಗಲಕ್ಕೆ ಒಂದಡಿಗಿಂತ ಸ್ವಲ್ಪ ಜಾಸ್ತಿಯೇ ಕೊರತೆ ಬೀಳುತ್ತದೆ. ಉಳಿದ ತುಂಡನ್ನು ಪಟ್ಟಿ ಕತ್ತರಿಸಿ ಜೋಡಿಸಿದರೆ ಆ ಕೊರತೆ ತುಂಬುತ್ತದೆ. ಒಂದು ಸೀರೆಗೆ ಸರಿಯಾಗಿ ಎರಡು ಪದರ. ಕಾಗದದ ಮೇಲೆ ಇದನ್ನು ಬರೆದು ತೋರಿಸುವಾಗ ಇವನ ಮುಖ ನೋಡಬೇಕಿತ್ತು, ಸೀರೆ ಉಡುವವರಿಗೆ ಯಾರಿಗೂ ಗೊತ್ತಿಲ್ಲದ್ದನ್ನು ಕಂಡುಹಿಡಿದ ಹಾಗೆ. ಅತ್ತೆ ಫೋನಿನಲ್ಲಿ, "ಹೌದಪ್ಪಾ, ಒಂದ್ ಸೀರಿಗೆ ಎರಡ್ ಪದರು" ಅಂತ ಒಂದೇ ಮಾತಿನಲ್ಲಿ ಮುಗಿಸಿದರು.

ಮೊದಲು ಆರು ಪದರ ಅಂತ ಇತ್ತು. ಒಂದು ಮೂಲೆಯಲ್ಲಿ ಹೊಲಿದು ನೋಡಿದಾಗ ಸೂಜಿ ತಳ್ಳಿ ತಳ್ಳಿ ಬೆರಳು ಗುಳಿ ಬಿತ್ತು. ನಾಲ್ಕಕ್ಕೆ ಇಳಿಸಿದೆವು. ಅಡಿಗೆ ನನ್ನ ಅಜ್ಜಿಯ ಸೀರೆ, ಒಳಗೆ ಎರಡು ಪದರ ಇಳಕಲ್, ಮೇಲೆ ಬಣ್ಣಬಣ್ಣದ ಚೂರುಗಳು. ಇಳಕಲ್ ಕತ್ತರಿಸುವಾಗ ಕೈ ಹಿಂಜರಿಯಿತು. ಇಳಕಲ್ ಸೀರೆಯ ಸೆರಗು, ಒಡಲು ಬೇರೆ ಬೇರೆ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆಗಳೇ ಬೇರೆ ಬೇರೆ. ಮಗ್ಗದ ಮೇಲೆ ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕುಣಿಕೆ ಹಾಕಿ ಜೋಡಿಸಿರುತ್ತಾರೆ. ಆ ಸೀರೆ ಒಡಲೆಲ್ಲ ಸವೆದು ಜಾಳಾಗಿತ್ತು, ಆ ಜೋಡಣೆಯ ಗೆರೆ ಮಾತ್ರ ಗಟ್ಟಿಯಾಗಿತ್ತು. ತೋಪು ತೆನೆ ಅನ್ನುವ ಕೆಂಪು ಬಿಳಿ ವಿನ್ಯಾಸದ ಸೆರಗನ್ನು ಕತ್ತರಿಸದೆ ಎತ್ತಿಟ್ಟೆವು. ಒಡಲು ಒಳಗೆ ಹೋಯಿತು. ಗಂಟಿನಲ್ಲಿದ್ದ ಅತಿ ಒಳ್ಳೆಯ ಬಟ್ಟೆ ಯಾರಿಗೂ ಕಾಣದ ಜಾಗಕ್ಕೆ ಹೋಯಿತು ಅನ್ನಿಸಿತು. ಆದರೆ ಅಲ್ಲಿಗೇ ಅದು ಬೇಕಿತ್ತು, ಅಷ್ಟು ಮೆತ್ತಗೆ ಬೇರೆ ಯಾವುದೂ ಇರಲಿಲ್ಲ.

ದಾರ, ಸೂಜಿಗೆ ಅಂತ ಒಂದು ಶನಿವಾರ ಚಿಕ್ಕಪೇಟೆಗೆ ಹೋದೆವು. ಮೆಟ್ರೋ ಇಳಿದು ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟು. ಲೇಸು, ಗುಂಡಿ, ಮಣಿಗಳ ಆ ಸಂದಿಗಳಲ್ಲಿ ಒಬ್ಬರ ಹಿಂದೆ ಒಬ್ಬರು ಅಡ್ಡಡ್ಡ ನಡೆಯಬೇಕು. ನಮಗೆ ಬೇಕಿದ್ದದ್ದು ದಪ್ಪ ಹತ್ತಿ ದಾರ ಮತ್ತು ದಬ್ಬಣಕ್ಕಿಂತ ಸಣ್ಣ, ಗುಂಡಿ ಹಾಕುವ ಸೂಜಿಗಿಂತ ದಪ್ಪದ ಸೂಜಿ. ಮೂರು ಅಂಗಡಿಯವರು ಹೊಳೆಯುವ ದಾರವನ್ನೇ ತೋರಿಸಿದರು. ನಾಲ್ಕನೆಯ ಅಂಗಡಿಯ ವಯಸ್ಸಾದವರು "ಯಾತಕ್ಕೆ?" ಅಂತ ಕೇಳಿದರು. ಕೌದಿ ಅಂದಕೂಡಲೇ ಒಳಗೆ ಹೋಗಿ ಧೂಳು ಹಿಡಿದ ಡಬ್ಬಿ ತಂದರು. ಒಂದು ಜೇನುಮೇಣದ ಬಿಲ್ಲೆಯನ್ನೂ ಕೊಟ್ಟರು. ದಾರವನ್ನು ಅದರ ಮೇಲೆ ಒಮ್ಮೆ ಎಳೆದರೆ ಸಿಕ್ಕಾಗುವುದಿಲ್ಲ, ಜುಂಗು ಏಳುವುದಿಲ್ಲ. ಜೊತೆಗೆ ಎರಡು ಅಂಗುಸ್ತಾನ, ಅದೇ ದರ್ಜಿಗಳು ಬೆರಳಿಗೆ ಹಾಕುವ ಲೋಹದ ಟೋಪಿ. ಇವನ ಬೆರಳಿಗೆ ಸರಿಹೋಗುವ ಅಳತೆ ಸಿಗಲಿಲ್ಲ. ಬಳೇಪೇಟೆಯಲ್ಲಿ ಸಾಗು ದೋಸೆ ತಿಂದು ಮನೆಗೆ ಬಂದೆವು. ಇಡೀ ಯೋಜನೆಯಲ್ಲಿ ಯಾವ ತಪ್ಪೂ ಆಗದ ದಿನ ಅದೊಂದೇ.

ನವೆಂಬರ್ ಮೊದಲ ವಾರ ಶುರು. ಚೂರುಗಳನ್ನು ಅಕ್ಕಪಕ್ಕ ಹೊಲಿದು ಮೊದಲು ಒಂದು ದೊಡ್ಡ ಹಾಳೆ ಮಾಡಿಕೊಂಡೆವು. ಅದನ್ನು ಮೂರು ಪದರದ ಮೇಲೆ ಹಾಸಿ, ಅಂಚಿನಿಂದ ಸುತ್ತ ಹೊಲಿಯುತ್ತಾ ಒಳಕ್ಕೆ ಬರುವುದು ಅಂತ ಯೋಚನೆ. ಸಾಲಿಂದ ಸಾಲಿಗೆ ಒಂದು ಇಂಚು, ಅಂದರೆ ಹೆಬ್ಬೆರಳಿನ ಅಗಲ.

ಹೊಲಿಗೆ ಅಂದರೆ ಅದೇ ಸಾದಾ ಹೊಲಿಗೆ. ಸೂಜಿ ಕೆಳಗೆ, ಮೇಲೆ, ಕೆಳಗೆ, ಮೇಲೆ. ಆದರೆ ನಾಲ್ಕು ಪದರದಲ್ಲಿ ಅದು ಬೇರೆ ಕಸರತ್ತು. ಎಡಗೈ ಕೌದಿಯ ಅಡಿಯಲ್ಲಿರುತ್ತದೆ. ಸೂಜಿಯ ತುದಿ ಕೆಳಗಿನ ಬೆರಳಿಗೆ ಚುರುಕ್ ಅಂದಾಗ ನಾಲ್ಕನೇ ಪದರವೂ ಸಿಕ್ಕಿತು ಅಂತ ಅರ್ಥ. ಚುಚ್ಚದಿದ್ದರೆ ಸಿಕ್ಕಿಲ್ಲ. ಆ ಬೆರಳೇ ಬಟ್ಟೆಯನ್ನು ಸ್ವಲ್ಪ ಮೇಲಕ್ಕೆ ತಳ್ಳಿ ಸೂಜಿಯನ್ನು ವಾಪಸ್ ಕಳಿಸುತ್ತದೆ. ಹೀಗೆ ನಾಲ್ಕು ಹೊಲಿಗೆ ಸೂಜಿಯ ಮೇಲೆ ಪೇರಿಸಿಕೊಂಡು ಒಟ್ಟಿಗೆ ಎಳೆಯಬೇಕು. ಮೊದಲ ವಾರ ನನ್ನ ಎಡಗೈ ತೋರುಬೆರಳಿನ ತುದಿ ಜರಡಿಯಾಗಿತ್ತು. ಎರಡನೇ ವಾರಕ್ಕೆ ಅಲ್ಲಿ ಚರ್ಮ ದಪ್ಪವಾಯಿತು. ಮೂರನೇ ವಾರ ಫೋನಿನ ಬೆರಳಚ್ಚು ಲಾಕು ನನ್ನನ್ನು ಗುರುತು ಹಿಡಿಯಲಿಲ್ಲ.

ದಾರ ಉದ್ದ ಹಾಕಿಕೊಂಡರೆ ಪದೇ ಪದೇ ಪೋಣಿಸುವುದು ತಪ್ಪುತ್ತದೆ ಅಂತ ಇವನು ಒಂದು ಮಾರು ಹಾಕುತ್ತಿದ್ದ. ಎಳೆದ ಪ್ರತಿ ಸಲ ಇವನ ಕೈ ಹೋಗಿ ನನ್ನ ಕನ್ನಡಕಕ್ಕೆ ಬಡಿಯುತ್ತಿತ್ತು. ಎರಡು ಮೊಳಕ್ಕಿಂತ ಜಾಸ್ತಿ ಹಾಕಬಾರದು ಅಂತ ಅತ್ತೆ ಹೇಳಿದ ಮೇಲೆ ನನ್ನ ಕನ್ನಡಕ ಉಳಿಯಿತು.

ಐದು ವಾರಾಂತ್ಯದಲ್ಲಿ ಏಳು ಸುತ್ತು ಮುಗಿದವು. ಆಗ ಕೌದಿಯನ್ನು ನೆಲಕ್ಕೆ ಹಾಸಿ ನಿಂತು ನೋಡಿದೆವು. ಅಂಚೆಲ್ಲ ಚಪ್ಪಟೆ. ನಡುವೆ ಮಾತ್ರ ದೊಡ್ಡ ಬೋಗುಣಿ ಕವುಚಿಟ್ಟ ಹಾಗೆ ಉಬ್ಬು. ಕೈಯಲ್ಲಿ ಒತ್ತಿದರೆ ಪಕ್ಕಕ್ಕೆ ಓಡುತ್ತದೆ, ಆ ಪಕ್ಕ ಒತ್ತಿದರೆ ಈ ಪಕ್ಕ. ಇವನು ಮೇಲೆ ಮಲಗಿಯೂ ನೋಡಿದ. ಎದ್ದ ಮೇಲೆ ಅದೂ ಎದ್ದಿತು.

ವಿಡಿಯೋ ಕಾಲ್ ಮಾಡಿ ತೋರಿಸಿದೆವು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. "ನಿಮ್ಮ ಕೌದಿಗೆ ಹೊಟ್ಟಿ ಬಂದೈತಿ ನೋಡ್ರಿ! ಎಷ್ಟ್ ತಿಂಗಳು?" ಪಕ್ಕದ ಮನೆಯವರನ್ನೂ ಕರೆದು ತೋರಿಸಿದರು. ಮದುವೆಯಾಗಿ ಮೂರು ವರ್ಷ ಆದವರ ಮನೆಯಲ್ಲಿ ಆ ತಮಾಷೆ ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತಲ್ವಾ. ನಾನು ನೆಟ್‌ವರ್ಕ್ ಸರಿ ಇಲ್ಲ ಅಂತ ಫೋನ್ ಇಟ್ಟೆ.

ಡಿಸೆಂಬರಿನಲ್ಲಿ ಹೇಗೂ ಧಾರವಾಡಕ್ಕೆ ಹೋಗಬೇಕಿತ್ತು. ಕೌದಿಯನ್ನು ಸುತ್ತಿ, ಹಗ್ಗ ಕಟ್ಟಿ, ರಾತ್ರಿ ರೈಲಿನಲ್ಲಿ ಅದನ್ನೇ ತಲೆದಿಂಬು ಮಾಡಿಕೊಂಡು ಹೋದೆವು. ಅತ್ತೆ ಮುಟ್ಟಿ ನೋಡಿ, ಹೊಲಿಗೆಗೆ ಬೈಯಲಿಲ್ಲ. "ಇದನ್ನ ಹೆಂಗ್ ಹೊಲೀಬೇಕಂತ ನಾ ಹೇಳೂದಕ್ಕಿಂತ ನೀವ ನೋಡ್ರಿ" ಅಂತ, ಮರುದಿನ ನಮ್ಮನ್ನು ಹಳಿಯಾಳದ ಬಸ್ಸು ಹತ್ತಿಸಿದರು. ಅವರಿಗೆ ಹಳೆಯ ಪರಿಚಯದ ಒಬ್ಬ ಸಿದ್ದಿ ಹೆಂಗಸು ಆ ತಾಲ್ಲೂಕಿನ ಹಳ್ಳಿಯಲ್ಲಿದ್ದರು.

ಧಾರವಾಡದ ಬಯಲು ದಾಟಿ ಹಳಿಯಾಳದ ಕಡೆ ಹೋದರೆ ಕಣ್ಣೆದುರೇ ಹೊಲ ಮುಗಿದು ಕಾಡು ಶುರುವಾಗುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಈ ಕಡೆಯೆಲ್ಲ ಸಿದ್ದಿಗಳ ಮನೆಗಳಿವೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಈ ಕಾಡು ಸೇರಿದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಹಿಂದೂ, ಮುಸ್ಲಿಂ, ಕ್ರೈಸ್ತ, ಮೂರೂ ಧರ್ಮದವರು ಅವರಲ್ಲಿದ್ದಾರೆ. ಮೂರೂ ಕಡೆಯ ಹೆಂಗಸರು ಕೌದಿ ಹೊಲಿಯುತ್ತಾರೆ, ಅವರು ಅದಕ್ಕೆ ಕವಂದಿ ಅನ್ನುತ್ತಾರೆ.

ಆ ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಅರ್ಧ ಆಗಿದ್ದ ಕವಂದಿ. ಅದನ್ನು ನೋಡಿದ ಕೂಡಲೇ ನಮ್ಮ ತಪ್ಪು ಗೊತ್ತಾಯಿತು. ಅದರ ನಡುವೆ ಚೂರುಗಳೇ ಇರಲಿಲ್ಲ! ಬರೀ ಅಡಿಯ ಸೀರೆ. ಚೂರುಗಳು ಅಂಚಿನಲ್ಲಿ ಮಾತ್ರ, ಒಳಗೆ ಖಾಲಿ ಬಯಲು. ಅವರು ಮೊದಲೇ ಚೂರು ಜೋಡಿಸಿ ಹಾಳೆ ಮಾಡುವುದಿಲ್ಲ. ಒಂದು ಮೂಲೆಯಿಂದ ಶುರು ಮಾಡಿ, ಒಂದು ಚೂರು ಇಟ್ಟು, ಅದರ ಅಂಚನ್ನು ಬೆರಳಲ್ಲೇ ಒಳಕ್ಕೆ ಮಡಚಿ, ಹೊಲಿಯುತ್ತಾ ಹೋಗಿ, ಅದು ಮುಗಿಯುವ ಹೊತ್ತಿಗೆ ಪಕ್ಕಕ್ಕೆ ಇನ್ನೊಂದು ಚೂರು. ಸುತ್ತು ಸುತ್ತು ಹಾಕಿಕೊಂಡು ಒಳಕ್ಕೆ ಬರುತ್ತಾರೆ. ಕೊನೆಯ ಚೂರು ಕೂರುವುದು ನಡುವಿನಲ್ಲಿ.

ಇವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಸೂಜಿ ಪ್ರತಿ ಸಲ ಹೋಗುವಾಗ ಮೇಲಿನ ಬಟ್ಟೆಯನ್ನು ಒಂದು ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತದೆ. ಒಂದೇ ಹಾಳೆಯಾದರೆ ಆ ತಳ್ಳಾಟವೆಲ್ಲ ಕೂಡಿಕೊಂಡು ನಡುವಿಗೆ ಬಂದು ಹೊಟ್ಟೆಯಾಗುತ್ತದೆ. ಚೂರು ಚೂರಾಗಿ ಇಟ್ಟುಕೊಂಡು ಹೋದರೆ ಒಂದೊಂದು ಚೂರಿನ ಮಡಿಕೆಯಲ್ಲೇ ಅದು ತೀರಿಹೋಗುತ್ತದೆ, ಮುಂದಕ್ಕೆ ದಾಟುವುದಿಲ್ಲ. ನಾವು ಫ್ರೇಮು ಕೊಳ್ಳೋಣ, ಪಿನ್ನು ಕೊಳ್ಳೋಣ ಅಂತ ಯೋಚಿಸುತ್ತಿದ್ದೆವು. ಅವರ ಹತ್ತಿರ ಫ್ರೇಮಿಲ್ಲ, ಟೇಪಿಲ್ಲ, ಚಾಕಿಲ್ಲ.

ನಮ್ಮ ಕೌದಿ ಬಿಚ್ಚಿ ತೋರಿಸಿದೆವು. ಅವರು ಹೊಟ್ಟೆಯ ಮೇಲೆ ಕೈಯಾಡಿಸಿ, "ಚಂದ ಐತಿ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಎಲ್ಲಾ ಉಚ್ಚ್ರಿ" ಅಂದರು. ಅಂದರೆ ಎಲ್ಲ ಬಿಚ್ಚಿ ಅಂತ.

ಅವರ ಮುಗಿದ ಕವಂದಿಯೊಂದರ ನಾಲ್ಕು ಮೂಲೆಯಲ್ಲಿ ಸಣ್ಣ ಸಣ್ಣ ಬಟ್ಟೆಯನ್ನು ತ್ರಿಕೋನಕ್ಕೆ ಮಡಚಿ, ಒಂದರೊಳಗೊಂದು ಸೇರಿಸಿ ಹೊಲಿದಿದ್ದರು. ಅದಕ್ಕೆ ಫೂಲ ಅಂತಾರೆ. ಉಪಯೋಗಕ್ಕೇನೂ ಅಲ್ಲ. ಆದರೆ ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಇದ್ದ ಹಾಗಂತೆ. ನಾವೂ ಹಾಕಬಹುದಾ ಅಂತ ಕೇಳಿದೆ. ನಾನು ಕೇಳಿದ್ದೇ ಅವರಿಗೆ ವಿಚಿತ್ರ ಅನ್ನಿಸಿತೇನೋ. ಎರಡು ಚೂರು ತೆಗೆದು ನನ್ನ ಕೈಗೆ ಕೊಟ್ಟು, ನನ್ನ ಬೆರಳು ಹಿಡಿದೇ ಮಡಚಿಸಿದರು. ಒಂದು ಸಣ್ಣ ಕವಂದಿ ಅವರಿಂದ ಕೊಂಡೆವು. ಅವರು ಹೇಳಿದ ಬೆಲೆಗೆ ಚೌಕಾಸಿ ಮಾಡುವ ಧೈರ್ಯ ನಮಗಿರಲಿಲ್ಲ. ಏಳು ಸುತ್ತು ಹೊಲಿದವರಿಗೆ ಅದರ ಬೆಲೆ ಗೊತ್ತಿರುತ್ತದೆ.

ಬೆಂಗಳೂರಿಗೆ ಬಂದು ಬಿಚ್ಚಿದೆವು. ಏಳು ಸುತ್ತು ಅಂದರೆ ಲೆಕ್ಕಕ್ಕೆ ನೂರೈವತ್ತು ಅಡಿ ಹೊಲಿಗೆ. ಹೊಲಿಯಲು ಐದು ವಾರ ಹಿಡಿದದ್ದು ಬಿಚ್ಚಲು ಎರಡು ಸಂಜೆ. ಕ್ರಿಕೆಟ್ ನೋಡುತ್ತಾ ಬಿಚ್ಚಿದೆವು, ಮ್ಯಾಚು ಕೂಡ ಸೋತಿತು.

ಎರಡನೇ ಸಲ ಅಡಿಯ ಮೂರು ಪದರಗಳನ್ನು ಮೊದಲು ಗೇಣಿಗೊಂದು ಕಚ್ಚಾ ಹೊಲಿಗೆ ಹಾಕಿ ಹಿಡಿಸಿದೆವು. ಆಮೇಲೆ ಇವನು ಒಂದು ಮೂಲೆ, ನಾನು ಎದುರಿನ ಮೂಲೆ. ಇಬ್ಬರೂ ಒಂದೇ ದಿಕ್ಕಿಗೆ ಹೊರಟೆವು. ನನ್ನ ಸಾಲಿನ ಒಳಗೆ ಅವನ ಸಾಲು, ಅವನ ಸಾಲಿನ ಒಳಗೆ ನನ್ನ ಸಾಲು. ಯಾರ ಚೂರು ಎಲ್ಲಿ ಅಂತ ಮೊದಲೇ ಯೋಚಿಸಲಿಲ್ಲ. ಕೈಗೆ ಸಿಕ್ಕಿದ್ದು ಇಡುವುದು. ಹಾಗಾಗಿ ಅವನ ಕಡೆ ಒಂದು ಕಡೆಯೆಲ್ಲ ನೀಲಿ ಶರ್ಟೇ ಬಂದಿದೆ. ನನ್ನ ಕಡೆ ಅಜ್ಜಿಯ ಹಸಿರು ಸೀರೆಯ ಅಂಚು ಬೇಲಿಯ ಹಾಗೆ ಹೋಗಿದೆ.

ಚಳಿಗಾಲದ ರಾತ್ರಿಗಳು ಹೀಗೇ ಕಳೆದವು. ಊಟ ಆದ ಮೇಲೆ ಒಂದು ಗಂಟೆ. ಹೊಲಿಯುತ್ತಿರುವ ಭಾಗ ಕಾಲಿನ ಮೇಲೇ ಇರುವುದರಿಂದ ಮುಗಿಯದ ಕೌದಿಯೂ ಬೆಚ್ಚಗೆ ಇರುತ್ತದೆ, ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ಕೈಗೆ ಕೆಲಸ ಇದ್ದಾಗ ಮಾತು ಬೇರೆ ಥರ ಬರುತ್ತದೆ. ಮುಖ ನೋಡುವ ಹಾಗಿಲ್ಲ, ನೋಡಿದರೆ ಸೂಜಿ ಚುಚ್ಚುತ್ತದೆ. ಇವನು ಕೆಲಸ ಬಿಡುವ ಯೋಚನೆಯಲ್ಲಿದ್ದಾನೆ ಅಂತ ನನಗೆ ಗೊತ್ತಾದದ್ದು ಒಂಬತ್ತನೇ ಸುತ್ತಿನಲ್ಲಿ. ನಾನು ತಲೆ ಎತ್ತದೆ "ಹೂಂ" ಅಂದೆ. ಎದುರು ಕೂತು ಟೀ ಕುಡಿಯುತ್ತಾ ಹೇಳಿದ್ದರೆ ನಾನು ಹಾಗೆ ಹೂಂ ಅನ್ನುತ್ತಿರಲಿಲ್ಲ.

ನನ್ನ ಹೊಲಿಗೆ ಜೀರಿಗೆ ಕಾಳಿನಷ್ಟು. ಅವನದು ಬಾಸುಮತಿ ಅಕ್ಕಿ. ಎಷ್ಟು ಹೇಳಿದರೂ ಸಣ್ಣದಾಗಲಿಲ್ಲ. ಅವನ ಸುತ್ತು ಬೇಗ ಮುಗಿದು ನನ್ನನ್ನು ಹಿಂದಿನಿಂದ ಬಂದು ಹಿಡಿಯುತ್ತಿದ್ದ, ಆಗ ನಿಂತು ಟೀ ಮಾಡಬೇಕು, ಅದು ಒಪ್ಪಂದ. ಒಟ್ಟು ಹೊಲಿಗೆಯ ಉದ್ದ ಇವನ ಲೆಕ್ಕದಲ್ಲಿ 420 ಅಡಿ. ನಾವು ಬರೆದಿಟ್ಟುಕೊಂಡ ಗಂಟೆ, ಇಬ್ಬರದೂ ಸೇರಿ, ಬಿಚ್ಚಿದ್ದು ಬಿಟ್ಟು, 60ರ ಹತ್ತಿರ.

ಚೌಕ ಅಲ್ಲದ ಕೌದಿಯನ್ನು ಸುತ್ತು ಹಾಕಿ ಹೊಲಿದರೆ ಕೊನೆಗೆ ಉಳಿಯುವುದು ಒಂದು ಚುಕ್ಕೆಯಲ್ಲ, ಒಂದು ಗೆರೆ. ನಮ್ಮದರಲ್ಲಿ ನಟ್ಟನಡುವೆ ಎರಡು ಅಡಿಯ ಗೆರೆ. ಆ ಹೊತ್ತಿಗೆ ಫೆಬ್ರವರಿ ಬಂದಿತ್ತು, ಅತ್ತೆಯೂ ಬೆಂಗಳೂರಿಗೆ ಬಂದಿದ್ದರು. ಮುಚ್ಚುವ ಮೊದಲು ತಡೆದು, ಚೀಲದಿಂದ ಐದು ಜೋಳದ ಕಾಳು ತೆಗೆದು ಒಳಗೆ ಹಾಕಿದರು. "ಖಾಲಿ ಹೊಟ್ಟೀಲೆ ಮುಚ್ಚಬಾರದು." ಅವರ ಮನೆಯಲ್ಲಿ ನಡೆದುಬಂದದ್ದಂತೆ. ಇವನು, "ಒಗದ್ರ ಮೊಳಕಿ ಬರತಾವ್ ಅವ್ವಾ" ಅಂದ. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಯ ಚೂರು ಯಾವುದು ಇಡುವುದು ಅಂತ ಹುಡುಕುವಾಗ ಆ ಬಿಳಿ ಪಂಚೆಯ ತುಂಡು ಸಿಕ್ಕಿತು, ಅಪ್ಪನದು. ಅದರ ಪಕ್ಕದಲ್ಲೇ ಕೆಂಪು ದುಪಟ್ಟಾದ ಚೂರು ಮೊದಲೇ ಕೂತಿತ್ತು. ಗಮನಿಸಬೇಕಿತ್ತು. ಗಮನಿಸಲಿಲ್ಲ. ಅತ್ತೆ ಸಾಲುಗಳ ಮೇಲೆ ಬೆರಳಾಡಿಸಿ, "ಇದು ನಿಂದು, ಇದು ಅವಂದು, ಇದು ನಿಂದು" ಅಂತ ನಡುವಿನ ತನಕ ಎಣಿಸಿದರು. ಒಂದೂ ತಪ್ಪಲಿಲ್ಲ.

ಮುಗಿದಾಗ ಶಿವರಾತ್ರಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅಂತಾರಲ್ಲ, ಹಾಗೇ ಆಯಿತು. ನಾಲ್ಕು ತಿಂಗಳು ಹೊಲಿದ ಹೊದಿಕೆ ಸಿದ್ಧವಾದ ವಾರವೇ ಫ್ಯಾನು ಹಾಕಬೇಕಾಯಿತು. ಹೊದೆಯುವ ಬದಲು ಹಾಸಿಕೊಂಡೆವು. ಹಾಸುವುದಕ್ಕೂ ಕೌದಿಯೇ ಸರಿ, ಬೆನ್ನಿಗೆ ಆ ಸಾಲುಗಳು ಹಿತವಾಗಿ ಒತ್ತುತ್ತವೆ. ಅಮ್ಮ ಬಂದಾಗ ಅದರ ಮೇಲೆ ಮಧ್ಯಾಹ್ನ ಮಲಗಿದಳು. ಎದ್ದು, ಮಡಚಿ, ಏನೂ ಹೇಳದೆ, ನಾಲ್ಕೂ ಮೂಲೆಯ ಫೂಲ ಮುಟ್ಟಿ ನೋಡಿದಳು.

ಯುಗಾದಿಗೆ ಮೊದಲು ಒಗೆಯಬೇಕು ಅಂತ ಅತ್ತೆಯ ಆಜ್ಞೆ. ಊರಲ್ಲಿ ಕೌದಿಗಳನ್ನು ಹಳ್ಳಕ್ಕೆ ಒಯ್ದು ಒಗೆಯುತ್ತಾರೆ. ನಮಗೆ ಮಹಡಿಯ ಟ್ಯಾಂಕಿನ ನಲ್ಲಿಯೇ ಹಳ್ಳ. ವಾಷಿಂಗ್ ಮಷೀನಿಗೆ ಹಾಕುವ ಧೈರ್ಯ ಬರಲಿಲ್ಲ. ಒದ್ದೆಯಾದ ಕೌದಿ ಎಷ್ಟು ಭಾರ ಅಂತ ಒಗೆದವರಿಗೇ ಗೊತ್ತು. ತುಳಿದು, ಮಗುಚಿ, ತುಳಿದು, ಆಮೇಲೆ ಆ ತುದಿ ಅವನು, ಈ ತುದಿ ನಾನು ಹಿಡಿದು ಎದುರು ದಿಕ್ಕಿಗೆ ತಿರುಚಿದೆವು. ನೀರು ಅವನ ಚಪ್ಪಲಿಯ ಮೇಲೆ ಸುರಿಯಿತು. ಗುಲಾಬಿ ಬಣ್ಣದ ನೀರು.

ಬಿಡಿಸಿ ನೋಡಿದರೆ ಅಪ್ಪನ ಪಂಚೆಯ ಚೂರು ತೆಳು ಗುಲಾಬಿಯಾಗಿತ್ತು. ಅದು ಬಿಟ್ಟರೆ ಹೊಟ್ಟೆ ಇಲ್ಲ, ಸುಕ್ಕಿಲ್ಲ. ತಂತಿಯ ಮೇಲೆ ಹಾಕಿದೆವು. ತಂತಿ ಹರಿಯಿತು. ಕೊನೆಗೆ ಪ್ಯಾರಾಪೆಟ್ ಗೋಡೆಗೆ ಹರಡಿ, ನಾಲ್ಕು ಇಟ್ಟಿಗೆ ಇಟ್ಟೆವು. ಒಣಗಲು ಎರಡು ದಿನ ಹಿಡಿಯಿತು. ಎರಡನೇ ದಿನ ಸಂಜೆ ಮೇಲೆ ಹೋದಾಗ ಇವನು ಕೌದಿಯ ನಡುವಿನ ಗೆರೆಯ ಮೇಲೆ ಬೆರಳಿಟ್ಟು ಒತ್ತಿ ಒತ್ತಿ ಏನೋ ಹುಡುಕುತ್ತಿದ್ದ.

"ಏನೋ?" ಅಂದೆ.

"ಜೋಳ" ಅಂದ. "ನಾಲ್ಕು ಸಿಕ್ಕಿದೆ."